ಮೈದಾನದಲ್ಲಿ ಇಲ್ಲದ ಮೂರನೇ ತಂಡ

ವಿಶ್ವಕಪ್ ಫುಟ್‌ಬಾಲ್‌ನ ಗುಂಪು ಹಂತದಲ್ಲಿ ಪ್ರತಿ ಗುಂಪಿನ ಕೊನೆಯ ಎರಡು ಪಂದ್ಯಗಳು ಬೇರೆ ಬೇರೆ ಕ್ರೀಡಾಂಗಣಗಳಲ್ಲಿ ಒಂದೇ ಹೊತ್ತಿಗೆ ಶುರುವಾಗುತ್ತವೆ. ಟಿ.ವಿ. ಪ್ರಸಾರದ ಲೆಕ್ಕದಲ್ಲಿ ಇದು ನಷ್ಟದ ಬಾಬತ್ತು. ಎರಡನ್ನೂ ಒಂದರ ಹಿಂದೊಂದು ಆಡಿಸಿದರೆ ನೋಡುವವರು ಹೆಚ್ಚುತ್ತಾರೆ, ಜಾಹೀರಾತಿಗೂ ಜಾಗ ಹೆಚ್ಚುತ್ತದೆ. ಇಷ್ಟೊಂದು ಹಣ ಓಡಾಡುವ ಟೂರ್ನಿಯಲ್ಲಿ ಹಣಕ್ಕೆ ಎದುರಾಗಿ ನಿಂತ ಈ ನಿಯಮ 1986ರಿಂದ ಅಲುಗಾಡಿಲ್ಲ. ಯಾಕೆ ಎಂದು ಹುಡುಕುತ್ತ ಹೊರಟರೆ ಗುಂಪು ಹಂತದ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ನಾಕೌಟ್ ಪಂದ್ಯದಲ್ಲಿ ಇರುವುದು ಎರಡೇ ತಂಡ. ಒಂದು ಗೆದ್ದು ಮುಂದೆ ಹೋಗುತ್ತದೆ, ಇನ್ನೊಂದು ಮನೆಗೆ ಹೋಗುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಗುಂಪಿನ ಪಂದ್ಯ ಹಾಗೆ ಮುಗಿಯುವುದಿಲ್ಲ. ಆ ಹೊತ್ತಿನಲ್ಲಿ ಮೈದಾನದಲ್ಲೇ ಇಲ್ಲದ ಮೂರನೇ ತಂಡವೊಂದರ ಹಣೆಬರಹವನ್ನೂ ಅದು ಬರೆಯುತ್ತದೆ. ಆ ಗೈರುಹಾಜರಿ ತಂಡಕ್ಕೆ ಆಗಬಹುದಾದ ಅನ್ಯಾಯವನ್ನು ತಡೆಯಲು ನಡೆದ ಪ್ರಯತ್ನಗಳೇ ಗುಂಪು ಹಂತದ ನಿಯಮಗಳ ನಿಜವಾದ ಚರಿತ್ರೆ ಎಂಬುದು ನನ್ನ ವಾದ. ವಿಶ್ವಕಪ್ಪಿನ ಯಾವ ಹೊಸ ಮಾದರಿಯನ್ನಾದರೂ ನಾವು ಅಳೆಯಬೇಕಾದದ್ದು ಇದೇ ಅಳತೆಗೋಲಿನಿಂದ.

ಗುಂಪುಗಳು ಯಾಕೆ ಬೇಕಾದವು ಎನ್ನುವುದನ್ನು ಮೊದಲು ನೋಡಬೇಕು. 1930ರಲ್ಲಿ ಉರುಗ್ವೆಯಲ್ಲಿ ನಡೆದ ಮೊದಲ ವಿಶ್ವಕಪ್ಪಿಗೆ ಬಂದದ್ದು 13 ತಂಡಗಳು. ಅವುಗಳಲ್ಲಿ ಯುರೋಪಿನವು ನಾಲ್ಕೇ: ಫ್ರಾನ್ಸ್, ಬೆಲ್ಜಿಯಂ, ರುಮೇನಿಯ, ಯುಗೊಸ್ಲಾವಿಯ. ಅಟ್ಲಾಂಟಿಕ್ ದಾಟಲು ಹಡಗಿನಲ್ಲಿ ಎರಡು ವಾರ ಹಿಡಿಯುತ್ತಿದ್ದ ಕಾಲ ಅದು. ತಂಡಗಳನ್ನು ನಾಲ್ಕು ಗುಂಪು ಮಾಡಿ, ಗುಂಪಿಗೊಂದರಂತೆ ಸೆಮಿಫೈನಲ್‌ಗೆ ಕಳಿಸಿದರು. ಹೀಗಾಗಿ ಮೊದಲ ದಿನ ಸೋತವರಿಗೂ ಇನ್ನೊಂದು ಪಂದ್ಯ ಉಳಿದಿರುತ್ತಿತ್ತು. 1934ರ ಇಟಲಿಯಲ್ಲಿ ಗುಂಪುಗಳನ್ನು ಕೈಬಿಟ್ಟು ಮೊದಲ ದಿನದಿಂದಲೇ ನಾಕೌಟ್ ಇಟ್ಟರು. ಬಂದ 16 ತಂಡಗಳಲ್ಲಿ ಎಂಟು ಒಂದೊಂದೇ ಪಂದ್ಯ ಆಡಿ ಹೊರಬಿದ್ದವು. ಸಾಗರ ದಾಟಿ ಬಂದ ಬ್ರೆಜಿಲ್ ಸ್ಪೇನಿಗೆ ಸೋತಿತು, ಅರ್ಜೆಂಟೀನ ಸ್ವೀಡನ್‌ಗೆ ಸೋತಿತು, ಆಫ್ರಿಕಾದಿಂದ ಮೊದಲ ಬಾರಿಗೆ ಬಂದ ಈಜಿಪ್ಟ್ ಹಂಗೆರಿಗೆ ಸೋತಿತು. ಎಲ್ಲವೂ ತೊಂಬತ್ತು ನಿಮಿಷದ ಮಾತು. 1938ರ ಫ್ರಾನ್ಸ್‌ನಲ್ಲೂ ಇದೇ ಪದ್ಧತಿ. ಇಂದಿನ ಇಂಡೊನೇಷ್ಯ ಅಂದು ಡಚ್ ಈಸ್ಟ್ ಇಂಡೀಸ್ ಎಂಬ ಹೆಸರಿನಲ್ಲಿ ಅರ್ಧ ಭೂಮಿ ಸುತ್ತಿ ಬಂದು, ರ್‍ಯಾಂಸ್ ಪಟ್ಟಣದಲ್ಲಿ ಹಂಗೆರಿಯ ಎದುರು 6–0ರಿಂದ ಸೋತು, ಬಂದ ದಾರಿಯಲ್ಲೇ ಹಿಂದಿರುಗಿತು. ಆ ಹೆಸರಿನ ತಂಡದ ವಿಶ್ವಕಪ್ ಚರಿತ್ರೆ ಅಲ್ಲಿಗೇ ಮುಗಿಯಿತು.

ನಮ್ಮ ದೇಶದ ಅನುಭವವೂ ಈ ಮಾತಿಗೆ ಸಾಕ್ಷಿ ಹೇಳುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫುಟ್‌ಬಾಲ್ ನಾಕೌಟ್ ಮಾದರಿಯಲ್ಲಿತ್ತು. ಸ್ವತಂತ್ರ ಭಾರತದ ತಂಡ ಫ್ರಾನ್ಸ್ ಎದುರು ಎರಡು ಪೆನಾಲ್ಟಿಗಳನ್ನು ಕಳೆದುಕೊಂಡಿತು. ಮೈಸೂರು ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸ್ಕೋರು ಸಮ ಮಾಡಿದರೂ, ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಅಷ್ಟು ಚೆನ್ನಾಗಿ ಆಡಿದ ತಂಡಕ್ಕೆ ಎರಡನೇ ಪಂದ್ಯವೇ ಇರಲಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಗುಂಪುಗಳಿದ್ದವು. ಭಾರತ ಹಂಗೆರಿಗೆ 2–1ರಿಂದ ಸೋತರೂ ಮುಂದೆ ಅದೇ ಫ್ರಾನ್ಸ್ ಜತೆ 1–1ರ ಡ್ರಾ ಸಾಧಿಸಿತು. ಬಳಿಕ ಪೆರುವಿಗೆ 3–1ರಿಂದ ಸೋತು ಹೊರಬಂತು. ಪದಕ ಎರಡು ಸಲವೂ ಇಲ್ಲ. ಆದರೆ ಸೋತ ಮೇಲೆ ತಿದ್ದಿಕೊಂಡು ಎದ್ದು ನಿಲ್ಲುವ ಅವಕಾಶ ಎರಡನೆಯ ಸಲ ಸಿಕ್ಕಿತು, ಮೊದಲನೆಯ ಸಲ ಸಿಗಲಿಲ್ಲ. ಗುಂಪು ಹಂತ ಸಣ್ಣ ತಂಡಗಳಿಗೆ ಕೊಡುವ ಭರವಸೆ ಇದೇ. 1950ರಲ್ಲಿ ಬ್ರೆಜಿಲ್ ವಿಶ್ವಕಪ್ಪಿಗೆ ಗುಂಪುಗಳನ್ನು ಮರಳಿ ತಂದಾಗ ಇದರ ಜತೆ ಟಿಕೆಟ್ ಹಣದ ಲೆಕ್ಕವೂ ಇತ್ತು; ಪಂದ್ಯಗಳು ಹೆಚ್ಚಿದಷ್ಟೂ ವಸೂಲಿ ಹೆಚ್ಚು. ಆ ಸಲ ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ಭಾರತದ ಹೆಸರೂ ಇತ್ತು. ಭಾರತ ಹೋಗಲಿಲ್ಲ. ಗುಂಪು ಮೂರು ತಂಡಗಳದ್ದಾಯಿತು. ಸ್ವೀಡನ್ ತನ್ನ ಎರಡೂ ಪಂದ್ಯ ಮುಗಿಸುವಷ್ಟರಲ್ಲಿ ಹಾಲಿ ಚಾಂಪಿಯನ್ ಇಟಲಿಯ ದಾರಿ ಮುಚ್ಚಿಹೋಗಿತ್ತು; ಪರಾಗ್ವೆ ಎದುರಿನ ಕೊನೆಯ ಪಂದ್ಯಕ್ಕೆ ಇಟಲಿಯ ಪಾಲಿಗೆ ಅರ್ಥವೇ ಉಳಿದಿರಲಿಲ್ಲ. ಮೂರರ ಗುಂಪಿನ ಈ ಊನ ಮುಂದೆ ಮತ್ತೆ ಮತ್ತೆ ತಲೆ ಎತ್ತಲಿದೆ.

ಎರಡನೇ ಅವಕಾಶ ಕೊಟ್ಟ ಕೂಡಲೇ ಅದರ ಬೆನ್ನಿಗೆ ಲೆಕ್ಕಾಚಾರವೂ ಬಂತು. 1954ರ ಸ್ವಿಟ್ಜರ್ಲೆಂಡ್‌ನಲ್ಲಿ ಪ್ರತಿ ಗುಂಪಿನ ಇಬ್ಬರು ಬಲಿಷ್ಠರು ಪರಸ್ಪರ ಆಡುವಂತಿರಲಿಲ್ಲ. ಎರಡನೇ ಸ್ಥಾನಕ್ಕೆ ಅಂಕಗಳು ಸಮವಾದರೆ ಮರುಪಂದ್ಯ. ಪಶ್ಚಿಮ ಜರ್ಮನಿಯ ಕೋಚ್ ಸೆಪ್ ಹೆರ್ಬರ್ಗರ್ ಹಂಗೆರಿಯ ಎದುರು ಮುಖ್ಯ ಆಟಗಾರರಲ್ಲಿ ಹಲವರನ್ನು ಕೂರಿಸಿ 8–3ರಿಂದ ಸೋತರು, ಮರುಪಂದ್ಯದಲ್ಲಿ ಟರ್ಕಿಯನ್ನು 7–2ರಿಂದ ಸೋಲಿಸಿದರು, ಕೊನೆಗೆ ಫೈನಲ್‌ನಲ್ಲಿ ಅದೇ ಹಂಗೆರಿಯನ್ನು 3–2ರಿಂದ ಮಣಿಸಿ ಕಪ್ ಎತ್ತಿದರು. ನಿಯಮ ಓದಿಕೊಂಡವನಿಗೆ ಸೋಲು ಕೂಡ ಒಂದು ಆಯುಧ ಎಂದು ಫುಟ್‌ಬಾಲ್ ಜಗತ್ತು ಅಂದು ಕಲಿಯಿತು. 1958ರಲ್ಲಿ ಗುಂಪಿನ ನಾಲ್ವರೂ ಪರಸ್ಪರ ಆಡಿದರು; ನಾಲ್ಕು ಗುಂಪುಗಳ ಪೈಕಿ ಮೂರರಲ್ಲಿ ಮರುಪಂದ್ಯ ಬೇಕಾಯಿತು. 1962ರಿಂದ ಮರುಪಂದ್ಯದ ಬದಲು ಹೊಡೆದ ಗೋಲನ್ನು ಬಿಟ್ಟ ಗೋಲಿನಿಂದ ಭಾಗಿಸುವ ಸರಾಸರಿ ಬಂತು, 1970ರಿಂದ ಕಳೆಯುವ ಗೋಲು ವ್ಯತ್ಯಾಸ ಬಂತು. ಒಂದೊಂದು ಬದಲಾವಣೆಯೂ ಸಮ ಅಂಕದವರನ್ನು ಬೇರ್ಪಡಿಸಲು ಹುಡುಕಿದ ದಾರಿ. ಈ ದಾರಿ ಎಷ್ಟು ಕಿರಿದು ಎನ್ನುವುದಕ್ಕೆ 1982ರ ಇಟಲಿ–ಕ್ಯಾಮರೂನ್ ಸಾಕ್ಷಿ. ಇಬ್ಬರೂ ತಮ್ಮ ಮೂರೂ ಪಂದ್ಯಗಳನ್ನು ಡ್ರಾ ಮಾಡಿಕೊಂಡಿದ್ದರು. ಇಟಲಿ ಹೊಡೆದದ್ದು ಎರಡು ಗೋಲು, ಕ್ಯಾಮರೂನ್ ಒಂದು. ಆ ಒಂದು ಗೋಲಿನ ಬಲದಿಂದ ಇಟಲಿ ಮುಂದೆ ಹೋಗಿ ವಿಶ್ವ ಚಾಂಪಿಯನ್ ಆಯಿತು. ಒಂದು ಪಂದ್ಯವನ್ನೂ ಸೋಲದ ಕ್ಯಾಮರೂನ್ ಮನೆಗೆ ಹೋಯಿತು.

ಇದು ಕಠಿಣ, ಆದರೆ ಅನ್ಯಾಯವಲ್ಲ. ಇಬ್ಬರಿಗೂ ಅದೇ ಲೆಕ್ಕ, ಅದೇ ಅವಕಾಶ. ಅನ್ಯಾಯ ಹುಟ್ಟುವುದು ಒಬ್ಬರ ಉತ್ತರಪತ್ರಿಕೆ ಮುಚ್ಚಿದ ಮೇಲೆ ಇನ್ನೊಬ್ಬರು ಬರೆಯಲು ಕೂತಾಗ. 1978ರಲ್ಲಿ ಅರ್ಜೆಂಟೀನ ಆತಿಥ್ಯ ವಹಿಸಿದ ವಿಶ್ವಕಪ್ಪಿನಲ್ಲಿ ಎರಡನೇ ಸುತ್ತೂ ಗುಂಪು ಮಾದರಿಯದು. ಗುಂಪಿನಲ್ಲಿ ಮೊದಲು ಬಂದವರು ನೇರ ಫೈನಲ್‌ಗೆ. ಜೂನ್ 21ರಂದು ಬ್ರೆಜಿಲ್ ಪೋಲೆಂಡನ್ನು 3–1ರಿಂದ ಸೋಲಿಸಿ ತನ್ನ ಲೆಕ್ಕ ಮುಗಿಸಿತು. ಅದಾದ ಮೇಲೆ ರೊಸಾರಿಯೊದಲ್ಲಿ ಅದೇ ಗುಂಪಿನ ಅರ್ಜೆಂಟೀನ ಪೆರುವಿನ ಎದುರು ಇಳಿಯಿತು. ನಾಲ್ಕು ಗೋಲುಗಳ ಅಂತರದಿಂದ ಗೆದ್ದರೆ ಫೈನಲ್ ಎಂದು ಇಳಿಯುವಾಗಲೇ ಅದಕ್ಕೆ ಗೊತ್ತಿತ್ತು. ಗೆದ್ದದ್ದು 6–0ರಿಂದ. ಸೇನಾ ಆಡಳಿತದ ದೇಶ ಅದು. ಆ ಪಂದ್ಯದ ಹಿಂದೆ ಒಪ್ಪಂದವಿತ್ತು ಎಂಬ ಆರೋಪಗಳು ಇಂದಿಗೂ ನಿಂತಿಲ್ಲ, ಸಾಬೀತೂ ಆಗಿಲ್ಲ. ನನ್ನ ವಾದಕ್ಕೆ ಆ ಆರೋಪದ ಆಸರೆ ಬೇಕಿಲ್ಲ. ಒಳಸಂಚು ಇರಲಿ ಬಿಡಲಿ, ವೇಳಾಪಟ್ಟಿಯೇ ಒಬ್ಬರ ಕೈಗೆ ಗುರಿಯ ಅಳತೆಯನ್ನು ಕೊಟ್ಟಿತ್ತು, ಇನ್ನೊಬ್ಬರ ಕೈಯನ್ನು ಕಟ್ಟಿಹಾಕಿತ್ತು. ಹಿಂದಿನ ಕೆಲವು ಟೂರ್ನಿಗಳಲ್ಲಿ ಗುಂಪಿನ ಕೊನೆಯ ಪಂದ್ಯಗಳನ್ನು ಒಟ್ಟಿಗೆ ಆಡಿಸಿದ್ದುಂಟು, ಆದರೆ ಕಡ್ಡಾಯವಿರಲಿಲ್ಲ. ಬ್ರೆಜಿಲ್‌ನಂಥ ದೊಡ್ಡ ತಂಡ ದೂರಿದರೂ ಫಿಫಾ ಏನೂ ಬದಲಿಸಲಿಲ್ಲ. ನಾಲ್ಕು ವರ್ಷಗಳ ನಂತರ ಇದರ ಬೆಲೆ ತೆತ್ತದ್ದು ಅಲ್ಜೀರಿಯ.

1982ರ ಸ್ಪೇನ್‌ಗೆ ಅಲ್ಜೀರಿಯ ಬಂದದ್ದು ಮೊದಲ ಬಾರಿಗೆ, ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷ ತುಂಬಿದ ಹೊತ್ತಿನಲ್ಲಿ. ತಂಡದ ಕೋಚ್‌ಗಳಲ್ಲಿ ಒಬ್ಬರಾದ ರಶೀದ್ ಮೆಖ್ಲೂಫಿ 1958ರಲ್ಲಿ ಫ್ರಾನ್ಸ್‌ನ ಕ್ಲಬ್ ಬಿಟ್ಟು, ಅಲ್ಜೀರಿಯದ ವಿಮೋಚನಾ ಚಳವಳಿ ಕಟ್ಟಿದ ತಂಡಕ್ಕೆ ಗುಟ್ಟಾಗಿ ಬಂದು ಸೇರಿದವರು. ಜೂನ್ 16ರಂದು ಗಿಹೋನ್ ನಗರದ ಎಲ್ ಮೊಲಿನೋನ್ ಕ್ರೀಡಾಂಗಣದಲ್ಲಿ ರಬಾ ಮಜೇರ್, ಲಖ್ದರ್ ಬೆಲ್ಲೂಮಿ ಹೊಡೆದ ಗೋಲುಗಳಿಂದ ಅಲ್ಜೀರಿಯ ಪಶ್ಚಿಮ ಜರ್ಮನಿಯನ್ನು 2–1ರಿಂದ ಸೋಲಿಸಿತು. ಜರ್ಮನಿ ಆಗ ಯುರೋಪಿಯನ್ ಚಾಂಪಿಯನ್. ಮುಂದೆ ಅಲ್ಜೀರಿಯ ಆಸ್ಟ್ರಿಯಕ್ಕೆ 2–0ರಿಂದ ಸೋತು, ಜೂನ್ 24ರಂದು ಚಿಲಿಯನ್ನು 3–2ರಿಂದ ಗೆದ್ದಿತು. ಮೂರರಲ್ಲಿ ಎರಡು ಗೆಲುವು, ನಾಲ್ಕು ಅಂಕ. ಗೆಲುವಿಗೆ ಎರಡೇ ಅಂಕ ಕೊಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ. ಆದರೆ ಗುಂಪಿನ ಕೊನೆಯ ಪಂದ್ಯ, ಜರ್ಮನಿ–ಆಸ್ಟ್ರಿಯ ನಡುವಿನದು, ಮರುದಿನಕ್ಕಿತ್ತು. ಆ ಒಂದು ರಾತ್ರಿಯಲ್ಲಿ ಲೆಕ್ಕ ಎಲ್ಲರಿಗೂ ಸ್ಪಷ್ಟವಾಯಿತು. ಜರ್ಮನಿ ಸೋತರೆ ಅಥವಾ ಡ್ರಾ ಮಾಡಿಕೊಂಡರೆ ಅದೇ ಹೊರಗೆ. ಜರ್ಮನಿ ಮೂರು ಅಥವಾ ಹೆಚ್ಚು ಗೋಲುಗಳ ಅಂತರದಿಂದ ಗೆದ್ದರೆ ಆಸ್ಟ್ರಿಯ ಹೊರಗೆ. ಒಂದು ಅಥವಾ ಎರಡು ಗೋಲುಗಳ ಅಂತರದಿಂದ ಗೆದ್ದರೆ ಮಾತ್ರ ಇಬ್ಬರೂ ಒಳಗೆ, ಅಲ್ಜೀರಿಯ ಹೊರಗೆ.

ಜೂನ್ 25ರಂದು ಅದೇ ಎಲ್ ಮೊಲಿನೋನ್‌ನಲ್ಲಿ ಹತ್ತನೇ ನಿಮಿಷದ ಸುಮಾರಿಗೆ ಎಡಬದಿಯಿಂದ ಲಿಟ್‌ಬಾರ್ಸ್ಕಿ ಕೊಟ್ಟ ಕ್ರಾಸನ್ನು ಹಾರ್ಸ್ಟ್ ಹ್ರುಬೆಷ್ ಗೋಲಿನೊಳಕ್ಕೆ ತಳ್ಳಿದರು. 1–0. ಇಬ್ಬರಿಗೂ ಬೇಕಾದ ಸ್ಕೋರು ಬಂದಾಗಿತ್ತು. ಅಲ್ಲಿಂದ ಆಟ ನಿಧಾನಕ್ಕೆ ಬತ್ತಿಹೋಯಿತು. ದ್ವಿತೀಯಾರ್ಧದಲ್ಲಿ ಚೆಂಡು ಡಿಫೆಂಡರ್‌ಗಳ ನಡುವೆ ಅಡ್ಡಡ್ಡ ಓಡಾಡಿತು, ಅಲ್ಲಿಂದ ಹಿಂದಕ್ಕೆ ಗೋಲ್‌ಕೀಪರ್ ಕೈ ಸೇರಿತು. ಹಿಂದಕ್ಕೆ ಕೊಟ್ಟ ಪಾಸನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದು ಎಂಬ ನಿಯಮ ಬಂದದ್ದು 1992ರಲ್ಲಿ. ಅಂದು ಅದೂ ನ್ಯಾಯವಾದ ಆಟವೇ. ಎದುರಾಳಿಯ ಕಾಲಿನಿಂದ ಚೆಂಡು ಕಸಿಯಲು ಯಾರೂ ಮೈ ಬಗ್ಗಿಸಲಿಲ್ಲ. ಸ್ಪೇನಿನ ಪ್ರೇಕ್ಷಕರು ಬಿಳಿ ಕರವಸ್ತ್ರ ಬೀಸಿ ಛೀಮಾರಿ ಹಾಕಿದರು. ಅಲ್ಜೀರಿಯದವರು ನೋಟುಗಳನ್ನು ಎತ್ತಿ ಹಿಡಿದು ತೋರಿಸಿದರು. ಆಸ್ಟ್ರಿಯದ ಟಿ.ವಿ. ವೀಕ್ಷಕ ವಿವರಣೆಗಾರ ರಾಬರ್ಟ್ ಸೀಗರ್ ತಮ್ಮ ದೇಶದ ಜನರಿಗೇ ಟಿ.ವಿ. ಆರಿಸಿಬಿಡಿ ಎಂದರು. ಗದ್ದೆಯ ಯಜಮಾನ ಊರಲ್ಲಿಲ್ಲದ ಹೊತ್ತು ನೋಡಿ ಅಕ್ಕಪಕ್ಕದ ಇಬ್ಬರು ಕೂಡಿ ಅವನ ಬದುವನ್ನು ಸರಿಸಿಟ್ಟಂತೆ ಆಯಿತು. ಅಲ್ಜೀರಿಯ ದೂರು ಕೊಟ್ಟಿತು. ಫಿಫಾ ಅದನ್ನು ತಳ್ಳಿಹಾಕಿತು. ಪಶ್ಚಿಮ ಜರ್ಮನಿ ಫೈನಲ್‌ವರೆಗೂ ಹೋಯಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಜರ್ಮನಿ, ಆಸ್ಟ್ರಿಯ ಯಾವ ನಿಯಮವನ್ನೂ ಮುರಿಯಲಿಲ್ಲ. ಮುಂದಿನ ಸುತ್ತಿಗೆ ಹೋಗುವುದೇ ತಂಡದ ಗುರಿ, ಗೆಲ್ಲುತ್ತಿರುವಾಗ ಅಪಾಯ ಮೈಮೇಲೆ ಎಳೆದುಕೊಳ್ಳದಿರುವುದು ಜಾಣತನ ಎನ್ನುವವರಿದ್ದಾರೆ. ಈ ಮಾತಿನ ಮೊದಲರ್ಧ ನಿಜ. ದೂರು ಬಿದ್ದುಹೋದದ್ದೂ ಅದರಿಂದಲೇ. ಆದರೆ ಅದೇ ಕಾರಣಕ್ಕೆ ತಪ್ಪಿನ ಭಾರ ಆಟಗಾರರಿಗಿಂತ ಹೆಚ್ಚಾಗಿ ಟೂರ್ನಿ ಕಟ್ಟಿದವರ ಮೇಲೆ ಬೀಳುತ್ತದೆ. ಒಪ್ಪಂದ ಮಾಡಿಕೊಳ್ಳಲು ಇಬ್ಬರೂ ಕೂತು ಮಾತಾಡಬೇಕಾದ ಅಗತ್ಯವೇ ಇರಲಿಲ್ಲ. ಒಪ್ಪಂದವನ್ನು ವೇಳಾಪಟ್ಟಿಯೇ ಬರೆದಿಟ್ಟಿತ್ತು, ಅವರು ಸಹಿ ಹಾಕಿದರು ಅಷ್ಟೆ. ಆಟಗಾರನ ಮನಸ್ಸಾಕ್ಷಿಯನ್ನು ನಂಬಿ ಕೂರುವ ಪದ್ಧತಿ ಪದ್ಧತಿಯೇ ಅಲ್ಲ. ಫಿಫಾ ದೂರನ್ನು ತಳ್ಳಿಹಾಕಿದರೂ ಪಾಠ ಕಲಿಯಿತು. 1986ರ ಮೆಕ್ಸಿಕೊ ವಿಶ್ವಕಪ್‌ನಿಂದ ಗುಂಪಿನ ಕೊನೆಯ ಎರಡು ಪಂದ್ಯಗಳು ಒಂದೇ ಹೊತ್ತಿಗೆ ಎಂಬ ನಿಯಮ ಬಂತು. ಅಲ್ಜೀರಿಯಕ್ಕೆ ನ್ಯಾಯ ಸಿಗಲಿಲ್ಲ. ಅದರ ಸೋಲಿನಿಂದ ಉಳಿದ ಎಲ್ಲ ತಂಡಗಳಿಗೂ ಒಂದು ಕಾವಲು ಸಿಕ್ಕಿತು.

ಈ ಕಾವಲು ಎಷ್ಟು ಗಟ್ಟಿ ಎನ್ನುವುದು ಎರಡನೇ ಆಕ್ಷೇಪ. ಒಂದೇ ಹೊತ್ತಿಗೆ ಆಡಿಸಿದರೂ ಲೆಕ್ಕಾಚಾರ ನಿಂತಿಲ್ಲವಲ್ಲ? 2004ರ ಯುರೋ ಕಪ್‌ನಲ್ಲಿ ಡೆನ್ಮಾರ್ಕ್–ಸ್ವೀಡನ್ 2–2 ಡ್ರಾ ಮಾಡಿಕೊಂಡರೆ ಇಟಲಿ ತನ್ನ ಪಂದ್ಯ ಗೆದ್ದರೂ ಹೊರಗೆ ಎಂಬ ಲೆಕ್ಕವಿತ್ತು. 89ನೇ ನಿಮಿಷದ ಗೋಲಿನಿಂದ ಸ್ಕೋರು ಅಷ್ಟಕ್ಕೇ ಬಂದು ನಿಂತಿತು. 2018ರ ಜೂನ್ 28ರಂದು ವೋಲ್ಗೊಗ್ರಾಡ್‌ನಲ್ಲಿ ಜಪಾನ್ ಪೋಲೆಂಡ್‌ಗೆ 1–0ರಿಂದ ಸೋಲುತ್ತಿತ್ತು. ಅದೇ ಹೊತ್ತಿಗೆ ಸಮಾರಾದಲ್ಲಿ ಕೊಲಂಬಿಯ ಸೆನೆಗಲ್ ವಿರುದ್ಧ 1–0ರಿಂದ ಮುಂದಿತ್ತು. ಅಂಕ, ಗೋಲು ವ್ಯತ್ಯಾಸ, ಹೊಡೆದ ಗೋಲು, ಪರಸ್ಪರ ಪಂದ್ಯದ ಫಲಿತಾಂಶ, ಎಲ್ಲದರಲ್ಲೂ ಜಪಾನ್, ಸೆನೆಗಲ್ ಸಮ. ಹಳದಿ ಕಾರ್ಡ್ ಮಾತ್ರ ಜಪಾನ್‌ಗೆ ನಾಲ್ಕು, ಸೆನೆಗಲ್‌ಗೆ ಆರು. ಕೋಚ್ ಅಕಿರಾ ನಿಶಿನೊ ಸೋಲನ್ನೇ ಕಾಪಾಡಿಕೊಳ್ಳಲು ಹೇಳಿದರು. ಕೊನೆಯ ನಿಮಿಷಗಳಲ್ಲಿ ಜಪಾನಿನ ಆಟಗಾರರು ತಮ್ಮ ಭಾಗದಲ್ಲೇ ಚೆಂಡು ತಿರುಗಿಸುತ್ತ ನಿಂತರು. ಪ್ರೇಕ್ಷಕರು ಕೂಗಿ ಬೈದರು. ಮೇಲ್ನೋಟಕ್ಕೆ ಇದು ಗಿಹೋನ್‌ನದೇ ಮರುಪ್ರದರ್ಶನ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಸಮಾರಾದಲ್ಲಿ ಸೆನೆಗಲ್ ಇನ್ನೂ ಆಡುತ್ತಿತ್ತು. ಅದು ಒಂದು ಗೋಲು ಹೊಡೆದಿದ್ದರೆ ಜಪಾನಿನ ಜಾಣತನ ಮಣ್ಣುಪಾಲಾಗುತ್ತಿತ್ತು. ಅಲ್ಜೀರಿಯಕ್ಕೆ ಇಲ್ಲದ್ದು ಸೆನೆಗಲ್‌ಗಿತ್ತು: ತನ್ನ ಹಣೆಬರಹ ತಿದ್ದಿಕೊಳ್ಳಲು ಕಾಲಿನಲ್ಲೊಂದು ಚೆಂಡು, ಗಡಿಯಾರದಲ್ಲಿ ಉಳಿದ ಸಮಯ. ನಿಯಮ ಲೆಕ್ಕಾಚಾರವನ್ನು ಅಳಿಸಿಲ್ಲ, ಅಳಿಸುವುದು ಸಾಧ್ಯವೂ ಇಲ್ಲ. ಅದನ್ನು ಅಪಾಯದ ವ್ಯವಹಾರವಾಗಿ ಮಾಡಿದೆ. ಅಷ್ಟು ಮಾಡಿದ್ದೇ ದೊಡ್ಡದು.

ಈ ನಿಯಮ ಆಟಕ್ಕೆ ಕೊಟ್ಟದ್ದೂ ಕಡಿಮೆಯಲ್ಲ. 2022ರ ಡಿಸೆಂಬರ್ 1ರಂದು ಕತಾರ್‌ನಲ್ಲಿ ಜಪಾನ್ ಸ್ಪೇನ್ ವಿರುದ್ಧ ಮುಂದಿದ್ದಾಗ ಇನ್ನೊಂದು ಅಂಗಣದಲ್ಲಿ ಕೋಸ್ಟರಿಕ ಜರ್ಮನಿಯ ಎದುರು 2–1ರ ಮುನ್ನಡೆ ಪಡೆಯಿತು. ಕೆಲವು ನಿಮಿಷಗಳ ಕಾಲ ಸ್ಪೇನ್, ಜರ್ಮನಿ ಎಂಬ ಇಬ್ಬರು ಮಾಜಿ ಚಾಂಪಿಯನ್ನರೂ ಹೊರಗಿದ್ದರು. ಮರುದಿನ ದಕ್ಷಿಣ ಕೊರಿಯದ ಹ್ವಾಂಗ್ ಹೀ-ಚಾನ್ ಕೊನೆಯ ಗಳಿಗೆಯಲ್ಲಿ ಹೊಡೆದ ಗೋಲಿನಿಂದ ಪೋರ್ಚುಗಲ್ 2–1ರಿಂದ ಸೋತಿತು. ಕೊರಿಯದ ಆಟಗಾರರು ಮೈದಾನದ ನಡುವೆ ಒಬ್ಬರನ್ನೊಬ್ಬರು ಅಪ್ಪಿ ಗುಂಪುಗೂಡಿ, ಫೋನಿನಲ್ಲಿ ಉರುಗ್ವೆ–ಘಾನಾ ಪಂದ್ಯ ಮುಗಿಯುವುದನ್ನು ಕಾದರು. ಉರುಗ್ವೆ ಇನ್ನೊಂದು ಗೋಲು ಹೊಡೆದಿದ್ದರೆ ಕೊರಿಯದ ಆಟ ಮುಗಿಯುತ್ತಿತ್ತು; ಹೊಡೆಯಲಿಲ್ಲ. ಒಂದೇ ಗುಂಪಿನಲ್ಲಿ ಗೈರುಹಾಜರಿ ತಂಡ ಎಂಬುದೇ ಇಲ್ಲದಂತೆ ಮಾಡಿದಾಗ ಮಾತ್ರ ಹುಟ್ಟುವ ಉದ್ವೇಗ ಇದು.

ಇಷ್ಟೆಲ್ಲ ಗೊತ್ತಿದ್ದೂ ಫಿಫಾ 2017ರ ಜನವರಿಯಲ್ಲಿ ಎಡವಿತು. 2026ರಿಂದ 48 ತಂಡ, ಮೂರು ಮೂರರಂತೆ 16 ಗುಂಪು ಎಂದು ತೀರ್ಮಾನಿಸಿತು. ಮೂರರ ಗುಂಪಿನಲ್ಲಿ ಕೊನೆಯ ಪಂದ್ಯದ ದಿನ ಒಬ್ಬರು ಸುಮ್ಮನೆ ಕೂರಲೇಬೇಕು. ಗಿಹೋನ್ ಪ್ರತಿ ಗುಂಪಿನಲ್ಲೂ ನಡೆಯಬಹುದಾದ ಸಂಗತಿಯಾಗುತ್ತಿತ್ತು. 1982ರ ಎರಡನೇ ಸುತ್ತಿನಲ್ಲೇ ಇದರ ಮಾದರಿ ಇತ್ತು: ಪೋಲೆಂಡ್, ಸೋವಿಯತ್ ಒಕ್ಕೂಟ, ಬೆಲ್ಜಿಯಂ ಗುಂಪಿನಲ್ಲಿ ಕೊನೆಯ ಪಂದ್ಯದಲ್ಲಿ ಪೋಲೆಂಡ್‌ಗೆ ಡ್ರಾ ಸಾಕಿತ್ತು, ಅದು 0–0 ಆಡಿ ಸೆಮಿಫೈನಲ್‌ಗೆ ಹೋಯಿತು. 2022ರ ಕೊನೆಯ ದಿನಗಳ ರೋಚಕತೆ ನೋಡಿದ ಮೇಲೆ, 2023ರ ಮಾರ್ಚ್‌ನಲ್ಲಿ ಕಿಗಾಲಿಯ ಸಭೆಯಲ್ಲಿ ಫಿಫಾ ತನ್ನ ತೀರ್ಮಾನ ಬದಲಿಸಿ ನಾಲ್ಕು ನಾಲ್ಕರಂತೆ 12 ಗುಂಪುಗಳಿಗೆ ಒಪ್ಪಿತು. ಪಂದ್ಯಗಳು ಒಟ್ಟು 104 ಆದವು, ಆದಾಯವೂ ಹೆಚ್ಚಿತು ಎನ್ನುವುದು ನಿಜ. 1950ರಂತೆ ಇಲ್ಲೂ ನ್ಯಾಯ ಮತ್ತು ಹಣ ಒಂದೇ ದಿಕ್ಕಿಗೆ ನಡೆದವು. ಹಾಗೆಂದು ತೀರ್ಮಾನದ ಬೆಲೆ ಕಡಿಮೆಯಾಗುವುದಿಲ್ಲ.

ಆದರೆ ಹಳೆಯ ಊನ ಬೇರೆ ಬಾಗಿಲಿನಿಂದ ಒಳಗೆ ಬಂದಿದೆ. 12 ಗುಂಪುಗಳಿಂದ ಮೊದಲ ಇಬ್ಬರು ಸೇರಿದರೆ 24; ನಾಕೌಟ್‌ಗೆ 32 ಬೇಕಾದ್ದರಿಂದ ಮೂರನೇ ಸ್ಥಾನದ ಎಂಟು ಉತ್ತಮ ತಂಡಗಳನ್ನೂ ಕರೆಯಲಾಗುತ್ತದೆ. ಗುಂಪಿನೊಳಗೆ ಕೊನೆಯ ಪಂದ್ಯಗಳು ಒಟ್ಟಿಗೆ ನಡೆಯುತ್ತವೆ, ಗುಂಪುಗಳ ನಡುವೆ ಹಾಗಲ್ಲ. ಮೊದಲು ಮುಗಿಸಿದ ಗುಂಪಿನವರು ಕೈಕಟ್ಟಿ ಕಾಯಬೇಕು; ಕೊನೆಗೆ ಆಡುವ ಗುಂಪಿನವರಿಗೆ ಎಷ್ಟು ಅಂಕ, ಎಷ್ಟು ಗೋಲು ಸಾಕು ಎಂಬುದು ಮೊದಲೇ ಗೊತ್ತು. ಇದೇ ಮಾದರಿಯ 2016ರ ಯುರೋ ಕಪ್‌ನಲ್ಲಿ ಅಲ್ಬೇನಿಯ ಜೂನ್ 19ರಂದು ರುಮೇನಿಯವನ್ನು ಗೆದ್ದು, ಮೂರು ದಿನ ಬೇರೆಯವರ ಪಂದ್ಯಗಳನ್ನು ನೋಡುತ್ತ ಕೂತು, ಜೂನ್ 22ರಂದು ಹೊರಬಿತ್ತು. ತಂಡಗಳು ಹೆಚ್ಚಾದರೆ ಸಣ್ಣ ದೇಶಗಳಿಗೆ ಬಾಗಿಲು ತೆರೆಯುತ್ತದೆ, ಭಾರತದಂಥ ದೇಶಕ್ಕೂ ಒಂದು ದಿನ ಅವಕಾಶ ಸಿಕ್ಕೀತು ಎನ್ನುವವರ ಆಸೆಯನ್ನು ನಾನು ಗೌರವಿಸುತ್ತೇನೆ. ಆದರೆ ಲೆಕ್ಕ ನೋಡಿ: 32 ತಂಡಗಳ ಕಾಲದಲ್ಲಿ 48 ಗುಂಪು ಪಂದ್ಯಗಳಿಂದ 16 ತಂಡ ಹೊರಗೆ ಹೋಗುತ್ತಿದ್ದವು, ಈಗ ಅದೇ 16 ತಂಡಗಳನ್ನು ಹೊರಗೆ ಕಳಿಸಲು 72 ಪಂದ್ಯ ಬೇಕು. ಮೂರನೆಯವರಿಗೂ ದಾರಿ ಇರುವಾಗ ಡ್ರಾಗೆ ತೃಪ್ತಿಪಡುವ ತಂಡಗಳು ಹೆಚ್ಚುತ್ತವೆ, ಗೈರುಹಾಜರಿಯಲ್ಲಿ ತೀರ್ಮಾನವಾಗುವ ಹಣೆಬರಹಗಳೂ ಹೆಚ್ಚುತ್ತವೆ. ಬಾಗಿಲು ತೆರೆಯುವುದು ಒಳ್ಳೆಯದೇ; ಒಳಗೆ ಬಂದವರಿಗೆ ಸಮಾನ ನ್ಯಾಯ ಕೊಡದಿದ್ದರೆ ಅದು ಅರ್ಧ ಆತಿಥ್ಯ.

1998ರಿಂದ 2022ರವರೆಗೆ ನಡೆದ ಎಂಟು ಗುಂಪುಗಳ ಮಾದರಿ ಈ ದೃಷ್ಟಿಯಿಂದ ಇದುವರೆಗಿನ ಅತ್ಯಂತ ನ್ಯಾಯವಾದ ಮಾದರಿ. ಮೊದಲ ಇಬ್ಬರು ಮುಂದೆ, ಉಳಿದಿಬ್ಬರು ಮನೆಗೆ. ಒಂದು ಗುಂಪಿನ ತೀರ್ಮಾನ ಆ ಗುಂಪಿನೊಳಗೇ, ಆ ಸಂಜೆಯೇ. 48ರಿಂದ ಹಿಂದೆ ಸರಿಯಲು ಫಿಫಾ ಒಪ್ಪಲಿಕ್ಕಿಲ್ಲ. ಹಾಗಾದರೆ ಕನಿಷ್ಠ ಎಲ್ಲ ಗುಂಪುಗಳ ಕೊನೆಯ ಪಂದ್ಯಗಳನ್ನು ಸಾಧ್ಯವಾದಷ್ಟು ಹತ್ತಿರ ತರಲಿ, ಪ್ರಸಾರದ ಆದಾಯ ಒಂದಿಷ್ಟು ಕಡಿಮೆಯಾದರೂ ಸರಿ. ಒಂದೇ ಗುಂಪಿನ ಎರಡು ಪಂದ್ಯಗಳಿಗೆ ಆ ತ್ಯಾಗ ಮಾಡಿ ತೋರಿಸಿದ ಸಂಸ್ಥೆಗೆ ಇದು ಅಸಾಧ್ಯವಲ್ಲ. ಬಲಿಷ್ಠ ತಂಡಗಳು ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತವೆ. ಆಡಿ ಮುಗಿಸಿ, ಇನ್ನೊಬ್ಬರ ಪ್ರಾಮಾಣಿಕತೆಯನ್ನು ನಂಬಿ ಕಾಯುತ್ತ ಕೂತ ತಂಡವನ್ನು ಕಾಪಾಡಬೇಕಾದದ್ದು ವೇಳಾಪಟ್ಟಿ ಬರೆಯುವವರ ಕರ್ತವ್ಯ.